ಕವರ್ ಬೂಬಮ್ಮನ ಕೊರಿಯಾ

ಬೂಬಮ್ಮನ ಬಲಗೈ ಹೆಬ್ಬೆರಳಿನ ಉಗುರು ಮಿಕ್ಕ ಒಂಬತ್ತರ ಹಾಗಿರಲಿಲ್ಲ. ದಪ್ಪಗೆ, ಹಳದಿಗೆ ತಿರುಗಿ, ಅಂಚೆಲ್ಲ ಸವೆದು ನುಣುಪಾಗಿ, ಎಮ್ಮೆ ಕೊಂಬಿನ ಚೂರೊಂದನ್ನು ತಂದು ಬೆರಳಿಗೆ ಕೂರಿಸಿದಂತೆ ಕಾಣುತ್ತಿತ್ತು. ಹಾಳೆಯನ್ನು ಮಡಿಸಿ ಆ ಉಗುರನ್ನು ಮಡಿಕೆಯ ಮೇಲೆ ಒಂದು ಸಲ ಎಳೆದರೆ ಸರ್ರನೆ ಸದ್ದಾಗಿ, ಇಸ್ತ್ರಿ ಹಾಕಿದ ಹಾಗೆ ಗೆರೆ ಕೂತುಬಿಡುತ್ತಿತ್ತು. ಬೆರಳ ಗೆಣ್ಣುಗಳಲ್ಲಿ ಒಣಗಿದ ಮೈದಾ ಗಂಜಿ, ಉಗುರಿನ ಸಂದಿಯಲ್ಲಿ ಅಚ್ಚಿನ ಮಸಿ. ಊಟಕ್ಕೆ ಮೊದಲು ಎಷ್ಟು ತಿಕ್ಕಿದರೂ ಮಸಿ ಹೋಗುತ್ತಿರಲಿಲ್ಲ. "ಇದು ಹೋದ್ರೆ ನಾನು ಕೆಲ್ಸ ಬುಟ್ಟೆ ಅಂತ ತಿಳ್ಕೊ" ಅನ್ನುತ್ತಿದ್ದರು.

ಚಾಮರಾಜನಗರದಲ್ಲಿ ನಾನು ಬಾಡಿಗೆಗಿದ್ದ ಕೋಣೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಹಳೆಯ ಪತ್ರಿಕೆಗಳನ್ನು ಕತ್ತರಿಸಿ, ಮಡಿಸಿ, ಗಂಜಿ ಹಚ್ಚಿ, ಬೇಕರಿಗೆ, ಹಣ್ಣಿನಂಗಡಿಗೆ, ಹೂವಿನವರಿಗೆ ಕಾಗದದ ಕವರ್ ಮಾಡಿಕೊಡುವುದು ಅವರ ಕಸುಬು. ಹಾಗಾಗಿ ಬೀದಿಗೆಲ್ಲ ಅವರು ಕವರ್ ಬೂಬಮ್ಮ. ಮನೆಯೊಳಗೆ ಉರ್ದು, ನನ್ನ ಜೊತೆ ಮಾತ್ರ ನಮ್ಮ ಕಡೆಯ ಅಪ್ಪಟ ಕನ್ನಡ. ತೆರಕಣಾಂಬಿಯಲ್ಲಿ ನನಗೆ ಮಾತು ಕಲಿಸಿದ್ದು ನನ್ನಜ್ಜಿ. ಅಜ್ಜಿ ತೀರಿಕೊಂಡ ಮೇಲೆ ಆ ಥರದ ಕನ್ನಡವನ್ನು ಮತ್ತೆ ಕಿವಿ ತುಂಬ ಕೇಳಿದ್ದು ಈ ಬೂಬಮ್ಮನ ಬಾಯಲ್ಲಿಯೇ. ಅವರ ಸೊಸೆ ಬೇರೆ ಯಾರೂ ಅಲ್ಲ, ಅಣ್ಣನ ಮಗಳು. ಮದುವೆಯಾಗಿ ಬಂದ ಮೇಲೂ ಅತ್ತೆಯನ್ನು ಹುಟ್ಟಿದಾಗಿನಿಂದ ಕರೆದಂತೆ ಫುಪ್ಪು, ಅಂದರೆ ಸೋದರತ್ತೆ, ಎಂದೇ ಕರೆಯುತ್ತಿದ್ದಳು. ಇಬ್ಬರೂ ಎದುರುಬದುರು ಕೂತು, ಒಬ್ಬರು ಕತ್ತರಿಸಿ ಮಡಿಸುವುದು, ಇನ್ನೊಬ್ಬರು ಅಂಟಿಸುವುದು.

ನಾನು ಆಗ ಗುಂಡ್ಲುಪೇಟೆಯಲ್ಲಿ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಟೈಪಿಂಗು, ಇಂಟರ್ನೆಟ್ಟು, ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯಂಥ ಐಎಸ್‌ಡಿ ಬೂತು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಯಜಮಾನರು ಕೇರಳದ ಸುಲ್ತಾನ್ ಬತ್ತೇರಿ ಕಡೆಯವರು; ಅವರನ್ನು ಎಲ್ಲರೂ ಅವರ ಭಾಷೆಯಲ್ಲೇ ಚೇಟ್ಟಾ, ಅಣ್ಣ, ಅನ್ನುತ್ತಿದ್ದೆವು. ಬೂಬಮ್ಮ ವಾರಕ್ಕೆರಡು ಸಲ ಕವರಿನ ಕಟ್ಟು ಹೊತ್ತುಕೊಂಡು ನನ್ನದೇ ಬಸ್ಸಿಗೆ ಗುಂಡ್ಲುಪೇಟೆಗೆ ಬರುತ್ತಿದ್ದರು. ಹೋಗುವಾಗ ಕವರು, ಬರುವಾಗ ರದ್ದಿ ಕಾಗದ. ಸೀಟು ಸಿಕ್ಕರೆ ಕಟ್ಟು ಸೀಟಿನ ಮೇಲೆ, ಅವರು ನಿಂತುಕೊಂಡು. "ನೀವು ಕೂತ್ಕೊಳ್ಳಿ ಬೂಬಮ್ಮ, ಕಟ್ಟು ಕೆಳಗಿಡೋಣ" ಎಂದರೆ, "ನಾನು ಮುದುರ್ಕೊಂಡ್ರೂ ನಡೀತದೆ ಕಣಮ್ಮಿ, ಕವರ್ ಮುದುರಿದ್ರೆ ಯಾರ್ ತಕ್ಕತಾರೆ?" ಅನ್ನುವುದು.

ಅವರ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ಯಾವ ಹಾಳೆಯನ್ನೂ ನೋಡದೆ ಕತ್ತರಿಸುವಂತಿಲ್ಲ. ಉರ್ದು ಪತ್ರಿಕೆ ಬಂದರೆ ಮುಟ್ಟದೆ ಪಕ್ಕಕ್ಕೆ. ಅದರಲ್ಲಿ ಎಲ್ಲಿ ದೇವರ ಹೆಸರಿರುತ್ತದೋ, ಆಮೇಲೆ ಅದು ಎಲ್ಲಿ ಬೀದಿಯಲ್ಲಿ ಬಿದ್ದು ಕಾಲಿಗೆ ಸಿಕ್ಕುತ್ತದೋ. ಕನ್ನಡ ಅವರಿಗೆ ಓದಲು ಬರುತ್ತಿರಲಿಲ್ಲ, ಆದರೆ ಚಿತ್ರ ನೋಡುತ್ತಿದ್ದರು. ಗಣೇಶನೋ ಲಕ್ಷ್ಮಿಯೋ ಕಂಡರೆ ಅದೂ ಪಕ್ಕಕ್ಕೆ. ಅವನ್ನೆಲ್ಲ ಜೋಡಿಸಿ ನನ್ನ ಕೈಗೆ ಕೊಡುವರು; ನಾನು ಒಯ್ದು ಅರಳಿಮರದ ಬುಡದಲ್ಲಿ ಹಳೆಯ ಪಟಗಳ ಜೊತೆ ಇಟ್ಟು ಬರಬೇಕು. "ಯಾರ ದೇವ್ರಾದ್ರೂ ದೇವ್ರೇ. ಬೋಂಡ ಕಟ್ಟೋಕಲ್ಲ" ಅನ್ನುವರು. ಸೊಸೆ ಅವಸರ ಮಾಡಿದರೆ ಇನ್ನೊಂದು ಮಾತಿತ್ತು: "ಕತ್ರಿಗೆ ಬಾಯದೆ, ಕಣ್ಣಿಲ್ಲ. ಕಣ್ಣು ನಾವು ಕೊಡ್ಬೇಕು."

ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಹೊತ್ತು ಹೋಗುವ ಲಾರಿಗಳು ಬರುವಾಗ ಖಾಲಿ ಬರುವುದೇಕೆ ಎಂದು ಏನಾದರೂ ತುಂಬಿಕೊಂಡು ಬರುತ್ತಿದ್ದವು. ಹಾಗೆ ಒಂದು ಸಲ ಬಂದರಿನ ಕಡೆಯಿಂದ ರದ್ದಿ ಅಂಗಡಿಗೆ ಫಾರಿನ್ ಪೇಪರಿನ ಬೇಲುಗಳು ಬಂದವು. ಯಾರೂ ಬಿಚ್ಚಿ ಓದಿರದ, ಮಡಿಕೆ ಮುರಿಯದ ಪತ್ರಿಕೆಗಳು. ಕಾಗದ ಗಟ್ಟಿ, ಮಸಿ ಕೈಗಂಟದು. ಬೂಬಮ್ಮ ಒಂದು ದೊಡ್ಡ ಕಟ್ಟು ತಂದರು. ಬಸ್ಸಿನಲ್ಲಿಯೇ ಒಂದು ಹಾಳೆ ಎಳೆದು ನನ್ನ ಮುಂದೆ ಹಿಡಿದರು.

"ಏನ್ ಬರದದೆ ನೋಡಮ್ಮಿ."

ಸೊನ್ನೆ, ಕಡ್ಡಿ, ಚೌಕ. ಮನೆ ಕಟ್ಟುವವರು ನೆಲದ ಮೇಲೆ ಗೆರೆ ಎಳೆದ ಹಾಗಿತ್ತು. "ಚೈನಾದ್ದು ಅನ್ಸುತ್ತೆ ಬೂಬಮ್ಮ" ಎಂದೆ.

"ಅನ್ಸೋದು ಬ್ಯಾಡ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ಇದ್ರಲ್ಲಿ ದೇವ್ರ ಹೆಸ್ರು ಎಲ್ಲದೆ?"

"ಇದೆಯೋ ಇಲ್ಲವೋ ಯಾರಿಗ್ಗೊತ್ತು?"

"ಹಂಗಾರೆ ನಾನೆಂಗೆ ಕತ್ತರಿಸ್ಲಿ?"

ತಮಾಷೆ ಎಂದುಕೊಂಡೆ. ಅಲ್ಲ. ಒಂದು ವಾರ ಆ ಕಟ್ಟು ಮೂಲೆಯಲ್ಲಿ ಹಾಗೇ ಕೂತಿತ್ತು. ಕನ್ನಡ ಪತ್ರಿಕೆಯ ರದ್ದಿ ಆ ವಾರ ಸಿಗಲಿಲ್ಲ. ಬೇಕರಿಯವನು ಇನ್ನೊಬ್ಬರ ಹತ್ತಿರ ಕವರ್ ತರಿಸಿಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದ. ಸೊಸೆ ನನ್ನ ಬಾಗಿಲಿಗೆ ಬಂದು, "ಅಕ್ಕ, ನೀನಾದ್ರೂ ಸುಳ್ಳೇ ಹೇಳ್ಬುಡು, ದೇವ್ರಿಲ್ಲ ಅಂತ. ಫುಪ್ಪು ನಿನ್ನ ಮಾತು ನಂಬ್ತಾರೆ" ಅಂದಳು. ನಂಬುತ್ತಾರೆ ಅನ್ನುವುದಕ್ಕೇ ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಮರುದಿನ ಒಂದು ಹಾಳೆ ಸೆಂಟರಿಗೆ ಒಯ್ದೆ. ಇಡೀ ಪುಟದಲ್ಲಿ ನನಗೆ ಓದಲು ಬಂದದ್ದು ತಲೆಪಟ್ಟಿಯ ಪಕ್ಕದ ವೆಬ್ ವಿಳಾಸವೊಂದೇ. ಅದರ ಕೊನೆಯ ಎರಡಕ್ಷರದಿಂದ ದೇಶ ಕೊರಿಯಾ ಎಂದು ಗೊತ್ತಾಯಿತು. ವಿಳಾಸ ಹೊಡೆದರೆ ಪರದೆಯ ತುಂಬ ಖಾಲಿ ಚೌಕಗಳು. ಆ ಅಕ್ಷರ ನಮ್ಮ ಕಂಪ್ಯೂಟರಿಗೂ ಗೊತ್ತಿರಲಿಲ್ಲ. ಎರಡು ದಿನ ತಿಣುಕಿ, ಚೇಟ್ಟಾನ ಬೈಗುಳ ತಿಂದು, ಅಕ್ಷರಗಳನ್ನು ಇಳಿಸಿಕೊಂಡೆ. ಹುಡುಕುತ್ತಾ ಹೋದಾಗ ಒಂದು ಪಟ್ಟಿ ಸಿಕ್ಕಿತು. ಕೊರಿಯನ್ ಮನೆಮಾತಲ್ಲದವರಿಗಾಗಿ ನಡೆಸುವ ಭಾಷಾ ಪರೀಕ್ಷೆಯೊಂದಿದೆಯಂತೆ. ಅದರ ಮೊಟ್ಟಮೊದಲ ಮೆಟ್ಟಿಲಿಗೆ ಬೇಕೇಬೇಕಾದ ಪದಗಳು. ಒಂದೊಂದು ಪದಕ್ಕೂ ಪುಟ್ಟ ಚಿತ್ರ, ಉಚ್ಚಾರ, ಇಂಗ್ಲಿಷಿನಲ್ಲಿ ಅರ್ಥ. ಎಲ್ಲವನ್ನೂ ಪ್ರಿಂಟು ತೆಗೆದು ಸಂಜೆ ಬೂಬಮ್ಮನ ಮುಂದೆ ಹರಡಿದೆ.

ಅವರ ಮುಖವನ್ನು ನಾನು ಮರೆಯುವುದಿಲ್ಲ. ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಯಾರದೋ ಮನೆಯ ಮದುವೆ ಆಲ್ಬಮ್ ನೋಡುವವರ ಹಾಗೆ ಕೂತರು.

"ಮೊದ್ಲು ಏನ್ ಕಲ್ತ್ಕೊ ಅಂತಾರೆ?"

"ನೀರು. ಮುಲ್. ಅನ್ನಕ್ಕೆ ಪಾಪ್. ಮನೆಗೆ ಜಿಪ್. ಮನುಷ್ಯ ಅನ್ನೋಕೆ ಸಾರಾಮ್."

"ಒಳ್ಳೇ ಜನ. ಆಮ್ಯಾಕೆ?"

"ಛತ್ರಿ. ಉಸಾನ್."

"ಮಳೆ ಬೀಳೋ ದೇಸ."

"ಸೇಬು. ಆಸ್ಪತ್ರೆ. ಅಂಚೆ ಕಚೇರಿ. ಬೆಟ್ಟ. ಕತ್ತರಿ..."

"ಕತ್ರಿ ಅದಾ?" ಸೊಸೆಯ ಕಡೆ ತಿರುಗಿ, "ನೋಡೇ, ನಮ್ಮ ಕಸುಬೂ ಬೇಕಂತೆ ಅವ್ರಿಗೆ! ಏನಂತಾರಮ್ಮಿ?"

"ಕಾವಿ."

ಅವತ್ತಿನಿಂದ ಆ ಮನೆಯಲ್ಲಿ ಕತ್ತರಿಗೆ ಬೇರೆ ಹೆಸರಿಲ್ಲ. ಪಟ್ಟಿ ಪೂರ್ತಿ ಓದಿಸಿಕೊಂಡ ಮೇಲೆ ಬೂಬಮ್ಮ ಕೇಳಿದರು, "ದೇವ್ರು?"

"ಈ ಪಟ್ಟೀಲಿ ಇಲ್ಲ ಬೂಬಮ್ಮ."

"ದೇವ್ರಿಲ್ದೆ ಪರೀಕ್ಷೆ ಪಾಸಾಯ್ತದಾ?"

"ಮೊದಲ್ನೇ ಮೆಟ್ಟಿಲಿಗೆ ಬೇಡವಂತೆ."

ಅವರು ಗಂಜಿಯ ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡರು. "ಸರ್ಯಾಗೇ ಅದೆ ಬುಡು. ಮೊದ್ಲು ಅನ್ನ ನೀರು ಕೇಳೋದ ಕಲೀಲಿ. ದೇವ್ರೆಲ್ಲಿಗೆ ಹೋದಾನು!"

ದೇವರ ಹೆಸರನ್ನು ನಾನು ಬೇರೆ ಕಡೆ ಹುಡುಕಿ, ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಅವರದನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. "ಟೋಪಿ ಇಟ್ಟ ಸೊನ್ನೆ, ಪಕ್ಕಕ್ಕೆ ಗೂಟ ಹೊಡೆದ ಕೋಲು" ಎಂದು ಆಕಾರವನ್ನು ಬಾಯಿಪಾಠ ಮಾಡಿಕೊಂಡರು. ಮರುದಿನದಿಂದ ಹಾಳೆ ಎತ್ತುವುದು, ಮೇಲಿಂದ ಕೆಳಗೆ ಕಣ್ಣಾಡಿಸುವುದು, ರಟ್ಟು ನೋಡುವುದು, ಆಮೇಲೆ ಕತ್ತರಿ. ದಿನಕ್ಕೆ ನಾಲ್ಕು ಕಟ್ಟು ಆಗುತ್ತಿದ್ದ ಕಡೆ ಎರಡೇ ಆಯಿತು. ಬೇಕರಿಯವನು ಗೊಣಗಿದ. "ಅವನ ಬನ್ನು ಎಲ್ಲೂ ಓಡೋಗಲ್ಲ" ಎಂದರು ಬೂಬಮ್ಮ.

ವಿಚಿತ್ರವೆಂದರೆ, ದೇವರನ್ನು ಹುಡುಕುತ್ತಾ ಹುಡುಕುತ್ತಾ ಅವರಿಗೆ ಪಟ್ಟಿಯ ಬೇರೆ ಪದಗಳೂ ಕಣ್ಣಿಗೆ ಬೀಳತೊಡಗಿದವು. ಓದು ಬರೆಹ ಬಾರದ ಅರವತ್ತು ದಾಟಿದ ಹೆಂಗಸು, ಗೋಡೆಯಾಚೆಯಿಂದ ಕೂಗುವರು: "ಅಮ್ಮೀ, ಇಲ್ಲಿ ನೀರದೆ! ಇಲ್ಲಿ ಮನೆ ಅದೆ, ಎರಡು ಕಡೆ!" ಯಾರದೋ ಊರಿನ ಸುದ್ದಿಯೊಳಗೆ ಪರಿಚಯದವರು ಸಿಕ್ಕ ಹಾಗೆ. ಬಸ್ಸಿನಲ್ಲಿ ಪ್ರಶ್ನೆಗಳು. ಅವರಲ್ಲೂ ಅತ್ತೆ ಸೊಸೆ ಒಂದೇ ಮನೆಯಲ್ಲಿರ್ತಾರಾ? ಬೆಳಿಗ್ಗೆ ಏನ್ ಉಣ್ತಾರೆ? ಅವರ ಕಾಗದ ನಮ್ಮೂರಿಗೆ ಬರ್ತದಲ್ಲ, ನಮ್ಮ ಕಾಗದ ಯಾವೂರಿಗೆ ಹೋಯ್ತದೆ?

ಒಂದು ಭಾನುವಾರ ಇನ್ನೊಂದು ಆಟ ನಡೆಯಿತು. ಆ ಕಡೆಯವರೊಬ್ಬರು ಚಾಮರಾಜನಗರಕ್ಕೆ ಬಂದರೆ ನಾವು ಅವರಿಗೆ ಮೊದಲ ಮೆಟ್ಟಿಲಿಗೆ ಏನೇನು ಕಲಿಸಬೇಕು?

"ನೀರು" ಎಂದಳು ಸೊಸೆ.

"ಬರೀ ನೀರು ಅಂದ್ರೆ ಆಗೋಯ್ತಾ? ನಲ್ಲಿ ಯಾವತ್ತು ಬುಡ್ತಾರೆ ಅಂತ ಕೇಳೋಕೆ ಬರ್ಬೇಕು."

"ಫುಪ್ಪು, ಪದ ಹೇಳಿ ಅಂದ್ರೆ ಜಗಳ ಹೇಳ್ತೀರಲ್ಲ."

"ಆಯ್ತು. ವಸಿ. ವಸಿ ಅನ್ನೋದ ಕಲೀಲಿ. ವಸಿ ಸರ್ಕೊ, ವಸಿ ತಾಳು, ವಸಿ ಉಣ್ಣು. ಅದೊಂದಿದ್ರೆ ನಮ್ಮೂರಲ್ಲಿ ಬದುಕ್ಬೋದು."

ನಾನು ನಕ್ಕೆ. ಆದರೆ ಯೋಚಿಸಿದರೆ ನಿಜ, ಸ್ವಲ್ಪ ಅನ್ನುವುದೊಂದು ಬಂದರೆ ಸಾಕು. ನನ್ನಜ್ಜಿ ಇದ್ದಿದ್ದರೂ ಅದನ್ನೇ ಮೊದಲು ಹೇಳುತ್ತಿದ್ದಳು.

ಅದಾದ ಕೆಲವು ದಿನಕ್ಕೆ, ನಾನು ಕೆಲಸದಿಂದ ಬಂದು ಬೀಗ ತೆಗೆಯುವಷ್ಟರಲ್ಲಿ ಬೂಬಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಹಾಳೆ. ಕೂಗಲಿಲ್ಲ, ನಗಲಿಲ್ಲ. ಹಾಳೆಯ ಕೆಳಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಫೋಟೊ. ಬಿಳಿಗೂದಲಿನ ಮುದುಕಿ, ನೇರ ನೋಡುತ್ತಿದ್ದಾಳೆ.

"ಪೇಪರಲ್ಲಿ ಫೋಟೊ ಹಾಕಿಸ್ಕೊಳೋರು ನಗ್ತಾರೆ ಕಣಮ್ಮಿ. ಇವ್ಳು ನಗ್ತಿಲ್ಲ. ರೇಷನ್ ಕಾರ್ಡಿನ ಫೋಟೊ ಇದ್ದಂಗದೆ. ಮ್ಯಾಲೆ ನೋಡು, ಸಾರಾಮ್ ಅಂತ ಬರದವ್ರೆ. ಮನುಷ್ಯ ಅಂತ. ಮುಂದೇನದೆ?"

ಪಟ್ಟಿ ತೆಗೆದು ಇಬ್ಬರೂ ಕೂತೆವು. ದೊಡ್ಡಕ್ಷರದ ಎರಡನೆಯ ಪದ ಪಟ್ಟಿಯ ಕ್ರಿಯಾಪದಗಳಲ್ಲಿತ್ತು: ಹುಡುಕು. ಮನುಷ್ಯರನ್ನು ಹುಡುಕುತ್ತಿದ್ದೇವೆ. ಕೆಳಗಿನ ಸಾಲುಗಳಲ್ಲಿ ಹಾಲ್ಮೊನಿ ಎಂದಿತ್ತು, ಅಜ್ಜಿ. ಬಟ್ಟೆ ಎಂದಿತ್ತು, ಚಪ್ಪಲಿ ಎಂದಿತ್ತು, ಮನೆ, ದೂರವಾಣಿ. ನಡುವಿನ ಪದಗಳು ನಮಗೆ ಸಿಗಲಿಲ್ಲ. ಆದರೆ ಅಜ್ಜಿ, ಬಟ್ಟೆ, ಚಪ್ಪಲಿ, ಮನೆ ಎಂದಮೇಲೆ ಇನ್ನೇನು ಬೇಕು? ಪುಟದ ಮೇಲಿನ ತಾರೀಕು ನೋಡಿದೆ, ಹೋದ ವರ್ಷದ್ದು.

"ಮನೆ ಬುಟ್ಟು ಓಗ್ಬುಟ್ಟವ್ಳೆ" ಎಂದರು ಬೂಬಮ್ಮ. "ಸಿಕ್ಕಿದ್ಲಾ?"

"ಅದು ಇದರಲ್ಲಿ ಹೇಗೆ ಗೊತ್ತಾಗುತ್ತೆ ಬೂಬಮ್ಮ?"

"ನಂಬರ್ ಕೊಟ್ಟವ್ರಲ್ಲ. ಕೇಳ್ಬೇಕು."

ಹೇಗೆ ಹೇಳಲಿ ನಾನು? ಅದು ಕೊರಿಯಾ, ಇದು ನಮ್ಮ ಬೀದಿ. ಆದರೆ ಅವರಿಗೆ ಅದು ಬಹಳ ಸರಳವಾಗಿತ್ತು. ಹುಡುಕುತ್ತಿದ್ದೇವೆ ಅಂತ ಕಾಗದ ಬಂದಿದೆ, ನಾವು ನೋಡಿದ್ದೇವೆ, ನೋಡಿದ ಮೇಲೆ ವಿಚಾರಿಸದೆ ಕತ್ತರಿ ಹಾಕುವುದು ಹೇಗೆ? ಹಾಳೆಯನ್ನು ಮಡಿಸದೆ, ಟ್ರಂಕಿನಲ್ಲಿ ಮದುವೆಯ ಸೀರೆಯ ಮೇಲೆ ಬಿಡಿಸಿ ಇಟ್ಟರು. ಅವತ್ತಿನಿಂದ ಕೊರಿಯದ ಒಂದು ಹಾಳೆಗೂ ಕತ್ತರಿ ಬೀಳಲಿಲ್ಲ. "ಮೊದ್ಲು ಇದು ತೀರ್ಮಾನ ಆಗ್ಲಿ. ಆಮ್ಯಾಕೆ ಮಿಕ್ಕಿದ್ದು."

ಸೊಸೆ ತಲೆ ಚಚ್ಚಿಕೊಂಡಳು. "ದೇವ್ರಾಯ್ತು, ಈಗ ಅಜ್ಜಿ. ನಾಳೆ ಕೋಳಿ ಕಳ್ದೋಗದೆ ಅಂತ ಬರ್ದಿದ್ರೆ?"

"ಕೋಳಿಗೆ ಫೋಟೊ ಹಾಕ್ಸಲ್ಲ ಕಣೇ, ಸುಮ್ಕಿರು."

ಒಂದು ವಾಕ್ಯ ಕಲಿತೆ. ಅಜ್ಜಿ ಮನೆಗೆ ಬಂದರಾ? ಹಾಲ್ಮೊನಿ ಜಿಬೆ ವಾಸ್ಸೊಯೊ? ಮೂರೇ ಪದ, ಮೂರೂ ಪಟ್ಟಿಯವು. ಹೋಗುವ ಬಸ್ಸಿನಲ್ಲಿ ನೂರು ಸಲ ಹೇಳಿಕೊಂಡೆ. ತೆರಕಣಾಂಬಿಯಲ್ಲಿ ಹತ್ತಿದ ಹೆಂಗಸೊಬ್ಬಳು ನನಗೆ ಗಾಳಿ ಸೋಕಿದೆ ಎಂಬಂತೆ ನೋಡಿದಳು. ಸೆಂಟರಿನಲ್ಲಿ ಚೇಟ್ಟಾ ನಂಬರು ನೋಡಿ, "ಎಂತಾ ಬೂಬಮ್ಮ, ಕೊರಿಯಾಗೆ ಹೆಣ್ಣು ಕೊಡ್ತಾ ಇದೀರಾ?" ಎಂದರು. ದುಬೈಗೆ, ಮಸ್ಕತ್ತಿಗೆ ಫೋನು ಮಾಡಲು ಸಾಲುಗಟ್ಟಿ ನಿಂತವರ ನಡುವೆ ನಮ್ಮದು ಆ ನಂಬರು. ಬೂಬಮ್ಮನೂ ನಾನೂ ಗಾಜಿನ ಪೆಟ್ಟಿಗೆಯೊಳಗೆ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತೆವು.

ಆ ಕಡೆ ಒಬ್ಬ ಹೆಂಗಸು ಎತ್ತಿದಳು. ನಾನು ಕೇಳಿದೆ. ಆ ಕಡೆಯಿಂದ ಮಾತು ಧಾರಾಕಾರ ಸುರಿಯಿತು. ಒಂದು ಪದ, ಒಂದೇ ಒಂದು ಪದ ನನಗೆ ಸಿಕ್ಕಿದ್ದರೆ! ಅವಳು ಏನನ್ನೋ ಕೇಳಿದಳು, ಮತ್ತೆ ಕೇಳಿದಳು, ದನಿ ಏರಿತು. ನಾನು ಹೌದು ಹೌದು ಎಂದೆ, ಯಾವುದಕ್ಕೆ ಹೌದು ಎಂದು ತಿಳಿಯದೆ. ಲೈನು ಕಟ್ಟಾಯಿತು.

ವಾಪಸು ಊರಿಗೆ ಬಂದು ಬಸ್ಸಿಳಿಯುವಾಗ ಬೂಬಮ್ಮ ಹೇಳಿದರು. "ಪ್ರಶ್ನೆ ಹಾಕೋದ ಕಲ್ತೆ. ಜವಾಬು ಬಂದ್ರೆ ಏನ್ಮಾಡ್ಬೇಕು ಅಂತ ಕಲೀಲಿಲ್ಲ. ಒಬ್ರ ಮನೆ ನೋವಿಗೆ ಕೈ ಹಾಕ್ಬುಟ್ಟು ಹಿಂಗೆ ಬಾಯಿ ಬುಟ್ಕೊಂಡು ನಿಂತ್ಕೊಂಡ್ವಲ್ಲಮ್ಮಿ. ಯಾರೋ ಕುಚೋದ್ಯ ಮಾಡಿದ್ರು ಅಂದ್ಕೊಂಡಿರ್ತಾಳೆ ಆಯಮ್ಮ."

ಆ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಅಲ್ಲಿಂದ ನಮ್ಮ ಪಾಠದ ದಿಕ್ಕೇ ತಿರುಗಿತು. ಈಗ ಕಲಿಯಬೇಕಾದದ್ದು ಉತ್ತರಗಳನ್ನು. ಒಂದು ಪ್ರಶ್ನೆಗೆ ಆ ಮನೆಯವರು ಏನೇನು ಹೇಳಬಹುದು? ಬೂಬಮ್ಮ ಕನ್ನಡದಲ್ಲಿ ಹೇಳುವುದು, ನಾನು ಪಟ್ಟಿಯ ಪದಗಳಲ್ಲಿ ಅದನ್ನು ಕಟ್ಟುವುದು. ಬಂದಳು. ಬರಲಿಲ್ಲ. ನಿನ್ನೆ ಬಂದಳು. ಆಸ್ಪತ್ರೆಯಲ್ಲಿದ್ದಾಳೆ. ಕಾಲು ನೋವು. ಮಗನ ಮನೆಯಲ್ಲಿದ್ದಾಳೆ. ಅಡುಗೆ ಮಾಡ್ತಾ ಇದ್ದಾಳೆ. ಸಂಜೆಗಳಲ್ಲಿ ಬೂಬಮ್ಮನೇ ಆ ಮನೆಯವರಾಗುತ್ತಿದ್ದರು. ಉದ್ದನೆಯ ಅಡಿಪಟ್ಟಿಯನ್ನು ಕಿವಿಗೆ ಹಿಡಿದು, ನಾನು ಕಲಿಸಿದ ಜವಾಬುಗಳಲ್ಲಿ ಯಾವುದಾದರೊಂದನ್ನು ಎಸೆಯುವರು. ನಾನು ಥಟ್ಟನೆ ಕನ್ನಡದಲ್ಲಿ ಹೇಳಬೇಕು. ತಡವರಿಸಿದರೆ ಸೊಸೆ, "ಅಕ್ಕ ಫೇಲು!" ಎಂದು ಗಂಜಿಯ ಕೈಯಲ್ಲಿ ಚಪ್ಪಾಳೆ ತಟ್ಟುವಳು. ಕಂಪ್ಯೂಟರಿನಲ್ಲಿ ಆ ಪರೀಕ್ಷೆಗಾಗಿಯೇ ಇದ್ದ ಕೇಳಿಸಿಕೊಳ್ಳುವ ಪಾಠಗಳನ್ನು ಬಿಡುವಿದ್ದಾಗಲೆಲ್ಲ ಕೇಳಿದೆ.

ಒಂದು ಉತ್ತರವನ್ನು ಮಾತ್ರ ಯಾರೂ ಎತ್ತಿರಲಿಲ್ಲ. ಒಂದು ಸಂಜೆ ನಾನೇ ಎತ್ತಿದೆ. "ಬೂಬಮ್ಮ, ತೀರಿಹೋದರು ಅಂದರೆ ಏನಂತಾರೆ ಅಂತಾನೂ..."

"ಬ್ಯಾಡ."

"ಹಾಗಲ್ಲ, ಅವರು ಅದನ್ನೇ ಅಂದುಬಿಟ್ಟರೆ ನನಗೆ..."

"ಬ್ಯಾಡ ಅಂದೆ ಕಣಮ್ಮಿ. ನಮ್ಮ ಮನೇಲಿ ಕೂತು ಅವ್ಳನ್ನ ಸಾಯ್ಸೋದು ಬ್ಯಾಡ."

ಆದರೆ ಸೆಂಟರಿನಲ್ಲಿ, ಅವರಿಗೆ ಹೇಳದೆ, ಆ ಪದವನ್ನೂ ಕಲಿತಿಟ್ಟುಕೊಂಡೆ. ಅದು ಬಾಯಿಗೆ ಬಂದಾಗಲೆಲ್ಲ ಗೋಡೆಯಾಚೆ ಕೇಳಿಸಿಬಿಟ್ಟರೆ ಎಂದು ತುಟಿ ಕಚ್ಚಿಕೊಳ್ಳುತ್ತಿದ್ದೆ.

ಎರಡು ತಿಂಗಳು ಕಳೆದಿರಬೇಕು. ಬೇಕರಿಯವನು ಕೈಬಿಟ್ಟು ಆಗಲೇ ಬೇರೆಯವರನ್ನು ಹಿಡಿದಿದ್ದ. ಒಂದು ಸಂಜೆ ಸೆಂಟರಿನ ಬಾಗಿಲು ಅರ್ಧ ಎಳೆಯುವ ಹೊತ್ತಿಗೆ ಬೂಬಮ್ಮ, ಸೊಸೆ ಇಬ್ಬರೂ ಬಂದರು. ಸೊಸೆ ಎಂದೂ ಗುಂಡ್ಲುಪೇಟೆಗೆ ಬಂದವಳಲ್ಲ. ಚೇಟ್ಟಾ ಗಲ್ಫಿಗೆ ಫೋನು ಮಾಡಲು ಬಂದವರನ್ನು ಹೊರಗೆ ನಿಲ್ಲಿಸಿ, "ಐದು ನಿಮಿಷ, ಐದು ನಿಮಿಷ, ಪರೀಕ್ಷೆ ನಡೀತಾ ಉಂಟು" ಎಂದರು.

ಅದೇ ಹೆಂಗಸಿನ ದನಿ. ಈ ಸಲ ನಾನು ಮೊದಲು ನಮ್ಮ ಗುರುತು ಹೇಳಿದೆ. ಇಂಡಿಯಾದಿಂದ. ಪತ್ರಿಕೆ ನೋಡಿದೆ. ಅಜ್ಜಿ ಮನೆಗೆ ಬಂದರಾ?

"ಇಂದೊ?" ಎಂದಳು ಆಕೆ, ಇಂಡಿಯಾದಿಂದಲಾ ಎನ್ನುವ ಹಾಗೆ. ಆಮೇಲೆ, ಮಗುವಿಗೆ ತುತ್ತು ಕೊಡುವ ಹಾಗೆ, ಒಂದೊಂದೇ ಪದ ಬಿಡಿಸಿ ಹೇಳಿದಳು.

"ಹಾಲ್ಮೊನಿ... ಚಿಗುಮ್... ಜಿಬೆಸೊ... ಜುಮುಸೆಯೊ."

ಅಜ್ಜಿ. ಈಗ. ಮನೆಯಲ್ಲಿ. ಕೊನೆಯದು ಪಟ್ಟಿಯಲ್ಲಿ ಹಿರಿಯರಿಗೆ ಎಂದು ಪ್ರತ್ಯೇಕ ಕೊಟ್ಟಿದ್ದ ಪದ. ನನಗೆ ಗೊತ್ತಿತ್ತು.

"ಏನಂದ್ಲು? ಏನಂದ್ಲಮ್ಮಿ?" ಬೂಬಮ್ಮ ನನ್ನ ತೋಳು ಹಿಡಿದಿದ್ದರು. ಆ ಉಗುರು ಚುಚ್ಚುತ್ತಿತ್ತು.

"ಮಲಗಿದ್ದಾರಂತೆ. ಮನೇಲಿ."

ಅವರ ಮುಖ ಅರಳಲಿಲ್ಲ. ನಮ್ಮಲ್ಲಿ ಕಾಯಿಲೆ ಬಿದ್ದವರಿಗೂ ಕಣ್ಣು ಮುಚ್ಚಿದವರಿಗೂ ಮಲಗಿದರು ಅನ್ನುತ್ತೇವೆ, ಅದು ಅವರಿಗೆ ಗೊತ್ತಿತ್ತು. "ಮಲ್ಗವ್ಳೆ ಅಂದ್ರೆ ಎಂಗೆ?" ಎಂದರು. ನನ್ನ ತೋಳು ಅಲುಗಿಸಿ, "ಉಂಡ್ಲಾ ಕೇಳು" ಎಂದರು.

ಅದು ನಮ್ಮ ಉತ್ತರಗಳ ಪಟ್ಟಿಯಲ್ಲಿ ಇರಲೇ ಇಲ್ಲ. ತಪ್ಪೋ ಸರಿಯೋ, ಅಜ್ಜಿ ಅನ್ನ ತಿಂದ್ರಾ ಎಂದು ಜೋಡಿಸಿ ಕೇಳಿದೆ. ಆ ಕಡೆಯ ಹೆಂಗಸು ನಕ್ಕಳು. ಅಳುತ್ತಲೂ ಇದ್ದಳೇನೋ, ನನಗೆ ತಿಳಿಯದು. ನಗುತ್ತಲೇ ಏನೋ ಹೇಳಿದಳು. ಅದರಲ್ಲಿ ಮಾನಿ ಎಂಬುದು ಎರಡು ಸಲ ಬಂತು. ಮಾನಿ ಎಂದರೆ ತುಂಬಾ.

"ತುಂಬಾ ಉಂಡರಂತೆ ಬೂಬಮ್ಮ! ಹೊಟ್ಟೆ ತುಂಬ ಉಂಡು ಮಲಗಿದ್ದಾರೆ!"

"ಮಲ್ಗವ್ಳೆ!" ಗಾಜಿನ ಪೆಟ್ಟಿಗೆಯಿಂದ ಹೊರಗೆ ತಲೆ ಹಾಕಿ ಸೊಸೆಗೆ, ಚೇಟ್ಟಾನಿಗೆ, ಸಾಲಿನಲ್ಲಿ ನಿಂತ ಅಷ್ಟೂ ಗಲ್ಫಿನವರಿಗೆ, "ಉಂಡ್ಬುಟ್ಟು ಮಲ್ಗವ್ಳೆ!" ಎಂದರು. ಮರುಕ್ಷಣವೇ ನೆನಪಾಗಿ ದನಿ ತಗ್ಗಿಸಿ, "ಅಲ್ಲಿ ಎಷ್ಟೊತ್ತಮ್ಮಿ ಈಗ?"

"ನಮಗಿಂತ ಮೂರೂವರೆ ಗಂಟೆ ಮುಂದೆ."

"ಅಯ್ಯೋ, ಇಡು ಇಡು ಫೋನು! ಮುದ್ಕಿ ಎದ್ದ್ಬುಟ್ಟಾಳು!"

ಮರುದಿನ ಬೆಳಿಗ್ಗೆ ಟ್ರಂಕಿನಿಂದ ಹಾಳೆ ಹೊರಗೆ ಬಂತು. ಅದನ್ನು ನನಗೆ ಕೊಡಿ, ಇಟ್ಟುಕೊಳ್ಳುತ್ತೇನೆ ಎಂದು ಕೇಳಿದೆ. ಬೂಬಮ್ಮ ನನ್ನನ್ನು ಏನೂ ತಿಳಿಯದವಳನ್ನು ನೋಡುವ ಹಾಗೆ ನೋಡಿದರು. "ಸಿಕ್ಕಿದ್ಮೇಲೆ ಹುಡುಕೋ ಕಾಗ್ದ ಯಾಕಮ್ಮಿ ಮಡಗ್ತೀಯ? ಮನೇಲಿ ಉಂಡ್ಕೊಂಡಿರೋಳ್ನ ಇನ್ನೂ ಕಳ್ದೋದೋಳು ಅಂತ ಎಷ್ಟು ದಿನ ಸಾರ್ತೀಯ?" ಮುಖಕ್ಕೆ ಕತ್ತರಿ ತಾಗದ ಹಾಗೆ, ಗಂಜಿ ಬೀಳದ ಹಾಗೆ ಅಳತೆ ನೋಡಿ ಕತ್ತರಿಸಿದರು. ಮಡಿಸಿದರು. ಉಗುರೆಳೆದರು. ಆ ಕವರು ಅವತ್ತಿನ ಕಟ್ಟಿನೊಳಗೆ ಸೇರಿ, ಗುಂಡ್ಲುಪೇಟೆಯ ಯಾವುದೋ ಅಂಗಡಿಯಿಂದ ಯಾರ ಮನೆಗೋ ಏನನ್ನೋ ಹೊತ್ತುಕೊಂಡು ಹೋಯಿತು.

ಪರೀಕ್ಷೆಗೆ ಕಟ್ಟು ಎಂದು ಹಟ ಹಿಡಿದವರೂ ಅವರೇ. "ಇಷ್ಟು ಕಲ್ತ್ಬುಟ್ಟು ಸುಮ್ಕೆ ಕೂತ್ರೆ ಪಾಪ ಅಂಟ್ಕೋತದೆ." ಚೆನ್ನೈಗೆ ಹೋಗಿ ಬರೆದೆ. ಮೊದಲ ಮೆಟ್ಟಿಲು ದಾಟಿದೆ. ಆಮೇಲೆ ಇನ್ನೊಂದು, ಮತ್ತೊಂದು. ಇವತ್ತು ನನ್ನ ಅನ್ನ ಆ ಭಾಷೆಯಿಂದ ಬರುತ್ತದೆ; ಎರಡು ಕಡೆಯವರ ನಡುವೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸ. ಸಭೆಗೆ ಹೋಗುವ ಮುಂಚೆ ಇವತ್ತಿಗೂ ನಾನು ತಯಾರು ಮಾಡಿಕೊಳ್ಳುವುದು ಪ್ರಶ್ನೆಗಳನ್ನಲ್ಲ, ಬರಬಹುದಾದ ಜವಾಬುಗಳನ್ನು. ಜೊತೆಯವರು ಯಾರ ಹತ್ತಿರ ಕಲಿತಿರಿ ಎಂದು ಕೇಳುತ್ತಾರೆ. ಕಾಗದದ ಕವರ್ ಅಂಟಿಸುವವರ ಹತ್ತಿರ ಎಂದರೆ ತಮಾಷೆ ಎಂದುಕೊಳ್ಳುತ್ತಾರೆ.

ಬೂಬಮ್ಮ ತೀರಿಕೊಂಡಾಗ ನಾನು ಚೆನ್ನೈಯಲ್ಲಿದ್ದೆ. ಮೂರನೆಯ ದಿನ ಸುದ್ದಿ ಬಂತು, ನಾಲ್ಕನೆಯ ದಿನ ನಾನು ಬಂದೆ. ಮಣ್ಣು ಮುಗಿದಿತ್ತು. ಬಂದವರೆಲ್ಲ ಹೊರಟ ಮೇಲೆ ಸೊಸೆ ಒಬ್ಬಳೇ ಎಂದಿನ ಜಾಗದಲ್ಲಿ ಕೂತು ಕತ್ತರಿ ಹಿಡಿದಿದ್ದಳು. ಅಂಗಡಿಯವರಿಗೆ ಮಾತು ಕೊಟ್ಟದ್ದಿತ್ತಂತೆ. ಆ ದಿನ ಇದ್ದದ್ದು ನಮ್ಮದೇ ಕನ್ನಡ ಪತ್ರಿಕೆಗಳು. ಒಂದೊಂದು ಹಾಳೆಯನ್ನೂ ಎತ್ತಿ, ಮೇಲಿಂದ ಕೆಳಗೆ, ಮೂಲೆ ಮೂಲೆಗೂ ಕಣ್ಣು ಹಾಯಿಸಿ ಆಮೇಲೆ ಕತ್ತರಿಸುತ್ತಿದ್ದಳು. ಬಹಳ ನಿಧಾನ. ಕಣ್ಣೀರು ಒರೆಸಿಕೊಳ್ಳುತ್ತಾ ಇನ್ನೂ ನಿಧಾನ.

"ದೇವರ ಪಟ ನೋಡ್ತಾ ಇದ್ದೀಯಾ?" ಎಂದು ಕೇಳಿದೆ.

"ಅದೂ ನೋಡ್ತೀನಿ ಅಕ್ಕ" ಎಂದಳು. "ಯಾರಾದ್ರೂ ಕಳ್ದೋಗವ್ರಾ ಅಂತಾನೂ ನೋಡ್ತೀನಿ."

ನಾನು ಅವಳೆದುರು ಕೂತು ಒಂದು ಹಾಳೆ ಎತ್ತಿಕೊಂಡೆ.